ವಿದ್ಯುಚ್ಛಕ್ತಿಯ ಬೆಲೆ ತೆರುವವರು ಯಾರು?

(ಮಗ್ಗದ ಕಾರ್ಮಿಕರು, ಅಕ್ಕಿ ಗಿರಣಿಯ ಕೆಲಸಗಾರರು ಮತ್ತು ಸಂತೆಪೇಟೆಯ ಸಣ್ಣ ವ್ಯಾಪಾರಿಗಳು ಕೂಡಿ ನಡೆಸಿದ ಸಭೆಯಲ್ಲಿ ಮಾಡಿದ ಭಾಷಣ. ಸಭೆಗೆ ಬರಲಾಗದವರ ಸಲುವಾಗಿ ಅಚ್ಚು ಮಾಡಿದೆ.)

ಸಂಗಾತಿಗಳೇ, ಅಂಗಡಿಯ ಬಾಗಿಲು ಹಾಕಿಕೊಂಡು ಬಂದಿರುವ ವ್ಯಾಪಾರಿ ಮಿತ್ರರೇ,

ಈ ಸಭೆಯ ಕರಪತ್ರವನ್ನು ಹಂಚುತ್ತಿದ್ದಾಗ ಮಗ್ಗದ ಓಣಿಯಲ್ಲಿ ಹಿರಿಯ ಕಾರ್ಮಿಕರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. "ಮೇಷ್ಟ್ರೇ, ಕೂಲಿಯ ಮಾತಿಲ್ಲ, ಬೋನಸ್ಸಿನ ಮಾತಿಲ್ಲ, ಈ ಸಲ ಹವಾಮಾನದ ಮಾತಂತೆ. ಮೋಡ, ಗಾಳಿ, ಬಿಸಿಲು ಇವುಗಳ ಮೇಲೆ ನಿಮ್ಮ ಪಕ್ಷ ಯಾರಿಗೆ ಮನವಿ ಕೊಡುತ್ತದೆ?" ಎಂದು ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಪ್ರಶ್ನೆ ನಗೆಯದಲ್ಲ. ಅದಕ್ಕೆ ಉತ್ತರ ಕೊಡುವುದಕ್ಕೇ ಇಂದು ನಿಂತಿದ್ದೇವೆ.

ಮೊದಲು ನಾವೆಲ್ಲರೂ ಕಂಡುಂಡ ಒಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳೋಣ. 2023ನೆಯ ಇಸವಿಯ ಅಕ್ಟೋಬರ್ ತಿಂಗಳು. ಕರೆಂಟು ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಿತ್ತು, ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿತ್ತು. ಮಗ್ಗದಲ್ಲಿ ಮೀಟರಿನ ಲೆಕ್ಕಕ್ಕೆ ಕೂಲಿ. ಮಗ್ಗ ನಿಂತರೆ ಕೂಲಿಯೂ ನಿಂತಿತು. ಮಾಲೀಕನು ನಿಂತ ಹೊತ್ತಿಗೆ ಹಣ ಕೊಡುವುದಿಲ್ಲ, ಸರಬರಾಜು ಮಾಡುವವರೂ ಕೊಡುವುದಿಲ್ಲ. ಒಂದೇ ವಾರದಲ್ಲಿ ಎರಡು ದಿನದ ಕೂಲಿ ಕಳೆದುಕೊಂಡವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಹಾಲು ಮೊಸರಿನ ಅಂಗಡಿಯವರು ಒಡೆದ ಹಾಲನ್ನು ಚರಂಡಿಗೆ ಸುರಿದುದನ್ನು ನಾವು ಕಣ್ಣಾರೆ ಕಂಡೆವು. ದೊಡ್ಡ ಅಂಗಡಿಗಳವರು ಡೀಸೆಲ್ ಯಂತ್ರ ಹಚ್ಚಿಕೊಂಡರು. ಯಂತ್ರವಿಲ್ಲದ ದರ್ಜಿ, ಜೆರಾಕ್ಸ್ ಅಂಗಡಿಯವನು, ಹಿಟ್ಟಿನ ಗಿರಣಿಯವನು ಬಾಗಿಲಲ್ಲಿ ಕುಳಿತು ದಾರಿ ನೋಡಿದರು.

ಆಗ ನಾವು ಮೆರವಣಿಗೆ ಹೊರಟೆವು. ನಮ್ಮ ಘೋಷಣೆ ಏನಿತ್ತು? "ಕಲ್ಲಿದ್ದಲು ತನ್ನಿ, ಕರೆಂಟು ಕೊಡಿ!" ಕೂಗಿಸಿದವರು ನಾವೇ. ಆ ಘೋಷಣೆ ಅರ್ಧ ಸರಿ, ಅರ್ಧ ತಪ್ಪು ಎಂದು ನಾವು ಈಗ ತಿಳಿದಿದ್ದೇವೆ. ಕರೆಂಟು ಕೇಳಿದ್ದು ಸರಿ. ಅದು ಎಲ್ಲಿಂದ ಬರುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳದೆ ಬಿಟ್ಟದ್ದು ತಪ್ಪು. ತಪ್ಪು ಮಾಡಿದವರು ಅದನ್ನು ಸಭೆಯಲ್ಲಿಯೇ ಒಪ್ಪಿಕೊಳ್ಳಬೇಕು. ಆದುದರಿಂದ ಅದನ್ನು ಮೊದಲೇ ಹೇಳಿದ್ದೇವೆ.

ಅಂದು ಕರೆಂಟು ಹೋದದ್ದೇಕೆ?

ಆ ವರ್ಷ ನಮ್ಮ ರಾಜ್ಯದಲ್ಲಿ ವಿದ್ಯುತ್ ಸ್ಥಾವರಗಳಿಗೆ ಬರವಿರಲಿಲ್ಲ. ಎಲ್ಲವನ್ನೂ ಕೂಡಿಸಿದರೆ 30,000 ಮೆಗಾವಾಟಿಗೂ ಮೀರಿದ ಸಾಮರ್ಥ್ಯವಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಗಾಳಿ, ಬಿಸಿಲು ಇವುಗಳದ್ದು. ರಾಜ್ಯದ ಅತಿ ಹೆಚ್ಚಿನ ಬೇಡಿಕೆ ಮರುವರ್ಷ, ಅಂದರೆ 2024ರ ಬೇಸಗೆಯಲ್ಲಿ, 17,000 ಮೆಗಾವಾಟನ್ನು ದಾಟಿತು. ಸಾಮರ್ಥ್ಯ ಹೆಚ್ಚು, ಬೇಡಿಕೆ ಕಡಿಮೆ. ಹಾಗಾದರೆ ಕೊರತೆ ಎಲ್ಲಿಂದ ಬಂತು?

ಮೇಷ್ಟರ ಕೆಲಸ ಮಾಡಿದವರಾದ್ದರಿಂದ ಶಾಲೆಯ ಉದಾಹರಣೆಯನ್ನೇ ಕೊಡುತ್ತೇವೆ. ಮನೆಯಲ್ಲಿ ಹತ್ತು ಕೊಡಗಳಿವೆ ಎಂದರೆ ಹತ್ತು ಕೊಡ ನೀರಿದೆ ಎಂದು ಅರ್ಥವಲ್ಲ. ಮೆಗಾವಾಟ್ ಎಂಬುದು ಕೊಡದ ಅಳತೆ. ಯೂನಿಟ್ ಎಂಬುದು ಅದರಲ್ಲಿ ತುಂಬಿದ ನೀರಿನ ಅಳತೆ. ಸೂರ್ಯ ಮುಳುಗಿದ ಮೇಲೆ ಸೋಲಾರಿನ ಕೊಡ ಬರಿದು. ಗಾಳಿ ನಿಂತರೆ ಗಾಳಿಯಂತ್ರದ ಕೊಡ ಬರಿದು. ಮಳೆ ಬಾರದಿದ್ದರೆ ಅಣೆಕಟ್ಟಿನ ಕೊಡ ವರ್ಷವಿಡೀ ಬರಿದು.

2023ರಲ್ಲಿ ಮಳೆ ಬರಲಿಲ್ಲ. ಆಗಸ್ಟ್ ತಿಂಗಳು ದೇಶದಲ್ಲಿಯೇ ನೂರು ವರ್ಷಗಳಿಗಿಂತ ಹೆಚ್ಚಿನ ದಾಖಲೆಯಲ್ಲಿ ಅತಿ ಒಣ ಆಗಸ್ಟ್ ಆಯಿತು. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರಕಾರವು ಬರಪೀಡಿತವೆಂದು ಸಾರಿತು. ಜಲಾಶಯಗಳು ತುಂಬಲಿಲ್ಲ. ಮಳೆಗಾಲದಲ್ಲಿ ಸುಮ್ಮನಿರಬೇಕಾಗಿದ್ದ ರೈತರ ಪಂಪುಸೆಟ್ಟುಗಳು ಒಣಗುವ ಪೈರನ್ನು ಉಳಿಸಲು ಒಟ್ಟಿಗೆ ತಿರುಗಿದವು. ಅಂಥವು ಈ ರಾಜ್ಯದಲ್ಲಿ 30 ಲಕ್ಷಕ್ಕೂ ಮಿಕ್ಕಿವೆ. ಒಂದು ಕಡೆ ನೀರಿನ ಕರೆಂಟು ಇಳಿಯಿತು, ಇನ್ನೊಂದು ಕಡೆ ನೀರೆತ್ತುವ ಕರೆಂಟಿನ ಬೇಡಿಕೆ ಏರಿತು. ಈ ಎರಡರ ನಡುವೆ ಸಿಕ್ಕಿಬಿದ್ದದ್ದು ನಿಮ್ಮ ಮಗ್ಗ, ನಿಮ್ಮ ಅಂಗಡಿ, ರೈತನ ಹೊಲ.

ಮೋಡದ ಮಾತು ನಮಗೇಕೆ ಎಂದು ಕೇಳಿದ ಹಿರಿಯರಿಗೆ ಇದೇ ಉತ್ತರ. ಆ ಅಕ್ಟೋಬರಿನಲ್ಲಿ ನಿಮ್ಮ ಎರಡು ದಿನದ ಕೂಲಿ ಹೋದದ್ದು ಮೋಡದ ದೆಸೆಯಿಂದಲೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಾವು ಪಂಚಾಂಗ ಓದಿದಂತಾಗುತ್ತದೆ. ಮುಂದಕ್ಕೆ ಹೋಗಬೇಕು.

ನೂರಿಪ್ಪತ್ತು ವರ್ಷಗಳ ಲೆಕ್ಕ

ನಮ್ಮ ನಾಡಿನಲ್ಲಿ ಶಕ್ತಿಯ ಉತ್ಪಾದನೆ ಇಂದು ನಿನ್ನೆಯದಲ್ಲ. 1880ರ ದಶಕದಲ್ಲಿಯೇ ಗೋಕಾಕದ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಎಲ್ಲಿಗೆ? ಪಕ್ಕದ ಹಳ್ಳಿಗಳಿಗಲ್ಲ. ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ, ಬಿಳಿಯರ ಕಂಪೆನಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳು ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಉಳಿದವು. ದಿವಾನ್ ಶೇಷಾದ್ರಿ ಅಯ್ಯರರ ಮುಂದಾಲೋಚನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶಕ್ತಿಯು ಹಣವಿದ್ದಲ್ಲಿಗೆ ಮೊದಲು ಹರಿಯಿತು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಆ ಗಣಿ 2001ರಲ್ಲಿ ಮುಚ್ಚಿತು. ದುಡಿದ ಕಾರ್ಮಿಕರ ಕಾಲೋನಿಗಳು ಇಂದೂ ಅಲ್ಲಿವೆ, ಕೆಲಸವಿಲ್ಲ.

ಎರಡನೆಯದು ಶರಾವತಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಸ್ಥಾವರದ 10 ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಕರ್ನಾಟಕದ ಕೈಗಾರಿಕೆಯ ಬೆನ್ನೆಲುಬು ಇದೇ ಎಂದು ಪಾಠ ಹೇಳಿದವರು ನಾವು. ಪಾಠದಲ್ಲಿ ಇಲ್ಲದ ಒಂದು ಮಾತಿತ್ತು. ನೀರಿನ ಕೆಳಗೆ ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ಮನೆ, ದೇವಸ್ಥಾನಗಳು ಹೋದವು. 1951ರಲ್ಲಿ ಕಾಗೋಡಿನ ಗೇಣಿದಾರರು ಉಳುವ ಹಕ್ಕಿಗಾಗಿ ಸತ್ಯಾಗ್ರಹ ಹೂಡಿದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಡಾಕ್ಟರ್ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ನೆಲಕ್ಕಾಗಿ ಹೋರಾಡಿದ ಆ ತಾಲ್ಲೂಕಿನಲ್ಲಿಯೇ ಹದಿಮೂರು ವರ್ಷಗಳ ತರುವಾಯ ಸಾವಿರಾರು ಕುಟುಂಬಗಳು ನೆಲವನ್ನು ನೀರಿಗೆ ಬಿಟ್ಟುಕೊಟ್ಟು ಲಾರಿ ಹತ್ತಿದವು. ಅವರನ್ನು ಕಾಡಿನ ಜಾಗಗಳಲ್ಲಿ ಇಳಿಸಿದರು. ಆ ಜಾಗದ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು ಮೊಮ್ಮಕ್ಕಳು ಕೋರ್ಟು ಕಚೇರಿ ಅಲೆಯುತ್ತಲೇ ಬಂದಿದ್ದಾರೆ. ಹಿನ್ನೀರಿನ ಆಚೆ ಉಳಿದ ಹಳ್ಳಿಗಳವರು ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಬೇಕಾದರೂ ಲಾಂಚಿಗಾಗಿ ದಡದಲ್ಲಿ ಕಾಯಬೇಕಾಗಿತ್ತು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನಾಡಿಗೆಲ್ಲ ಬೆಳಕು ಕೊಟ್ಟವರಿಗೆ ಒಂದು ಸೇತುವೆ ಸಿಕ್ಕಲು ಅರುವತ್ತು ವರ್ಷಗಳಾದವು.

ಮೂರನೆಯದು ಕಲ್ಲಿದ್ದಲು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಆದರೂ ಮಳೆಯನ್ನು ಮಾತ್ರ ನಂಬಲಾಗದೆಂದು 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಯಂತ್ರ ಹಚ್ಚಿದರು. ಇಂದು ಅಲ್ಲಿ 8 ಯಂತ್ರಗಳು, 1,720 ಮೆಗಾವಾಟ್. ಆಮೇಲೆ ಬಳ್ಳಾರಿಯ ಕುಡಿತಿನಿ, ಆಮೇಲೆ ಯರಮರಸ್. ಕಲ್ಲಿದ್ದಲು ಹೊರರಾಜ್ಯಗಳಿಂದ ನೂರಾರು ಮೈಲು ರೈಲಿನಲ್ಲಿ ಬರಬೇಕು. ಬೂದಿ ಮಾತ್ರ ಇಲ್ಲಿಯೇ ಉಳಿಯುತ್ತದೆ. ಸುತ್ತಲಿನ ಹಳ್ಳಿಯವರ ತಟ್ಟೆಯಲ್ಲಿ, ಹತ್ತಿಯ ಹೊಲದಲ್ಲಿ, ಶ್ವಾಸಕೋಶದಲ್ಲಿ ಉಳಿಯುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡದೊಳಗೆ ತಂಪು ಮಾಡುವ ಯಂತ್ರ ಓಡುತ್ತದೆ, ರಾಯಚೂರಿನ ಹೆಣ್ಣುಮಗಳು ಒಣಹಾಕಿದ ಬಟ್ಟೆಯ ಮೇಲಿನ ಬೂದಿ ಕೊಡವುತ್ತಾಳೆ.

ಈ ಮೂರರಲ್ಲಿಯೂ ಒಂದು ಮಾತು ಸಮಾನವಾಗಿದೆ. ಶಕ್ತಿಯನ್ನು ಉಂಡವರು ಒಬ್ಬರು, ಬೆಲೆ ತೆತ್ತವರು ಇನ್ನೊಬ್ಬರು.

ಹೊಗೆಯ ಲೆಕ್ಕ

ಈಗ ಹವಾಮಾನದ ಮಾತಿಗೆ ಬರೋಣ. ಕಷ್ಟದ ವಿಜ್ಞಾನವೇನೂ ಬೇಡ, ಕೂಡುವ ಕಳೆಯುವ ಲೆಕ್ಕ ಸಾಕು.

ಒಂದು ಅಶ್ವಶಕ್ತಿ ಎಂದರೆ 746 ವಾಟ್. ಒಂದು ಅಶ್ವಶಕ್ತಿಯ ಮೋಟಾರಿರುವ ಮಗ್ಗ ಹತ್ತು ಗಂಟೆ ಓಡಿದರೆ ಸುಮಾರು ಏಳೂವರೆ ಯೂನಿಟ್ ತಿನ್ನುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಮಾಡಲು ಹೆಚ್ಚುಕಡಿಮೆ 700 ಗ್ರಾಂ ಕಲ್ಲಿದ್ದಲು ಸುಡಬೇಕು. ಸುಟ್ಟಾಗ ಸುಮಾರು ಒಂದು ಕಿಲೋ ಇಂಗಾಲಾಮ್ಲ ವಾಯು ಆಕಾಶಕ್ಕೆ ಏರುತ್ತದೆ. 700 ಗ್ರಾಂ ಸುಟ್ಟರೆ ಒಂದು ಕಿಲೋ ಹೇಗೆ ಎಂದು ಕೇಳಬಹುದು. ಇಂಗಾಲವು ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕವನ್ನು ಸೇರಿಸಿಕೊಳ್ಳುವುದರಿಂದ ತೂಕ ಹೆಚ್ಚುತ್ತದೆ. ಈ ವಾಯು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ನಾರುವುದಿಲ್ಲ. ಆದರೆ ಭೂಮಿಯಿಂದ ಮೇಲಕ್ಕೆ ಹೋಗಬೇಕಾದ ಕಾವನ್ನು ಕಂಬಳಿಯಂತೆ ಹಿಡಿದಿಡುತ್ತದೆ. ಯುರೋಪಿನಲ್ಲಿ ಉಗಿಯಂತ್ರದ ಗಿರಣಿಗಳು ಏಳುವ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಸುಮಾರು 280 ಪಾಲಿತ್ತು. ಇಂದು 420ನ್ನು ದಾಟಿದೆ. 2024ನೆಯ ಇಸವಿಯು ಲೆಕ್ಕ ಇಡತೊಡಗಿದ ಮೇಲೆ ಭೂಮಿಯ ಅತಿ ಬಿಸಿಯ ವರ್ಷವಾಯಿತು.

ಕಾವು ಹೆಚ್ಚಿದರೆ ಗಾಳಿಯು ಹೆಚ್ಚು ನೀರಾವಿಯನ್ನು ಹೊರುತ್ತದೆ. ಆಗ ಮಳೆ ಬಾರದ ದಿನಗಳು ಹೆಚ್ಚುತ್ತವೆ, ಬಂದಾಗ ಒಮ್ಮೆಗೇ ಸುರಿಯುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಯ ಅಂಗಡಿಗಳು ಮುಳುಗಿದವು. ನಾಲ್ಕು ವರ್ಷ ಕಳೆಯುವುದರೊಳಗೆ ಅದೇ ರಾಜ್ಯದಲ್ಲಿ 223 ತಾಲ್ಲೂಕುಗಳಿಗೆ ಬರ. ಒಂದೊಂದು ನೆರೆಗೂ ಒಂದೊಂದು ಬರಕ್ಕೂ ಹೊಗೆಯೇ ಪೂರ್ಣ ಕಾರಣವೆಂದು ನಾವು ಹೇಳುವುದಿಲ್ಲ, ಬರಗಾಲ ಹಿಂದೆಯೂ ಇತ್ತು. ಆದರೆ ತಕ್ಕಡಿಯ ಒಂದು ತಟ್ಟೆಗೆ ವರ್ಷ ವರ್ಷವೂ ಕಲ್ಲು ಹೇರುತ್ತಿದ್ದರೆ ಅದು ಯಾವ ಕಡೆಗೆ ವಾಲುತ್ತದೆಂದು ವ್ಯಾಪಾರಿಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ಮಳೆ ಬಾರದಿದ್ದರೆ ಕಲ್ಲಿದ್ದಲು ಸುಡುತ್ತೇವೆ. ಕಲ್ಲಿದ್ದಲು ಸುಟ್ಟಷ್ಟೂ ಮಳೆಯ ಕ್ರಮ ಕೆಡುತ್ತದೆ. ಕ್ರಮ ಕೆಟ್ಟಷ್ಟೂ ಇನ್ನಷ್ಟು ಕಲ್ಲಿದ್ದಲು. ಬಡ್ಡಿ ಕಟ್ಟಲು ಸಾಲ ಮಾಡಿದವನ ಮನೆಯ ಸ್ಥಿತಿ ಇದು. "ಕಲ್ಲಿದ್ದಲು ತನ್ನಿ" ಎಂದು ನಾವು ಕೂಗಿದ ಘೋಷಣೆ ಅರ್ಧ ತಪ್ಪು ಎಂದದ್ದು ಇದಕ್ಕಾಗಿ.

"ಹೊಗೆ ಎಬ್ಬಿಸಿದವರು ಶ್ರೀಮಂತ ದೇಶಗಳವರು, ನಮ್ಮ ಬಡವರ ಬಲ್ಬಿನಿಂದ ಭೂಮಿ ಬಿಸಿಯಾಯಿತೇ?" ಎಂದು ಕೇಳುವವರುಂಟು. ನಿಜವಾದ ಪ್ರಶ್ನೆ. ಇನ್ನೂರು ವರ್ಷಗಳಿಂದ ಆಕಾಶವನ್ನು ತುಂಬಿದವರಲ್ಲಿ ಅವರದ್ದೇ ದೊಡ್ಡ ಪಾಲು. ಅದರ ದಂಡವನ್ನು ಅವರಿಂದ ಕೇಳಬೇಕು, ಕೇಳುತ್ತಲೇ ಇರಬೇಕು. ಆದರೆ ನೆರೆಮನೆಯವನು ಹಚ್ಚಿದ ಬೆಂಕಿ ನಮ್ಮ ಮಾಡಿಗೆ ತಗುಲಿದಾಗ, ಹಚ್ಚಿದವನು ಬರಲಿ ಎಂದು ನೀರು ಹೊಯ್ಯದೆ ಕೂರುವವರಿಲ್ಲ. ತಗಡಿನ ಮಾಡಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಮಗ್ಗ ನಡೆಸುವವರು ನೀವು. ಬಿಸಿ ಮೊದಲು ತಟ್ಟುವುದು ನಿಮಗೆ.

ಪಾವಗಡದಲ್ಲಿ ಕಂಡದ್ದು

ಹಾಗಾದರೆ ಬಿಸಿಲು, ಗಾಳಿಗಳಿಂದ ಶಕ್ತಿ ಪಡೆಯಬೇಕು. ಇದರಲ್ಲಿ ನಮಗೆ ಅನುಮಾನವಿಲ್ಲ. ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ಬಸ್ಸಿನಲ್ಲಿ ಹೋಗುವಾಗ ಎಲ್ಲರೂ ನೋಡಿದ್ದೀರಿ. ನಮ್ಮ ರಾಜ್ಯದಲ್ಲಿ ಗಾಳಿಯಿಂದ 6,000, ಬಿಸಿಲಿನಿಂದ 8,000 ಮೆಗಾವಾಟಿಗೂ ಮೀರಿದ ಸಾಮರ್ಥ್ಯ ಬಂದಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಬಿಸಿಲು ಶುದ್ಧವಾದ ಮಾತ್ರಕ್ಕೆ ಅದರ ವ್ಯವಹಾರವೂ ಶುದ್ಧವಾಗುತ್ತದೆಯೇ?

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕನ್ನು ನೋಡಿರಿ. ಬರಕ್ಕೆ ಹೆಸರಾದ ಸೀಮೆ. ಅಲ್ಲಿ ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆಗಳನ್ನು ಹಾಸಿದ್ದಾರೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣವಾಯಿತು. 2,050 ಮೆಗಾವಾಟ್, ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. "ಶಕ್ತಿ ಸ್ಥಳ" ಎಂದು ಹೆಸರಿಟ್ಟರು.

ಇಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು, ಅದನ್ನು ಒಪ್ಪಬೇಕು. ಶರಾವತಿಯಲ್ಲಿ ಮಾಡಿದಂತೆ ರೈತರನ್ನು ಎಬ್ಬಿಸಲಿಲ್ಲ, ಭೂಮಿಯನ್ನು ಕಸಿಯಲಿಲ್ಲ. ಗೇಣಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಗಳಿಗೊಮ್ಮೆ ನೂರಕ್ಕೆ 5ರಂತೆ ಏರಿಕೆ. ಮಳೆ ಬಂದರೂ ಬಾರದಿದ್ದರೂ ಹಣ ಬರುತ್ತದೆ. ಭೂಮಿ ರೈತನ ಹೆಸರಿನಲ್ಲಿಯೇ ಇದೆ. ಅಷ್ಟರ ಮಟ್ಟಿಗೆ ಇದು ಮೊದಲಿನ ಮೂರಕ್ಕಿಂತ ಮೇಲು.

ಆದರೆ ಆ ಐದು ಹಳ್ಳಿಗಳಲ್ಲಿ ಇರುವವರೆಲ್ಲರೂ ಭೂಮಿಯುಳ್ಳವರೇ? 50 ಎಕರೆಯವನಿಗೆ ಮೊದಲ ದರದಲ್ಲಿಯೇ ವರ್ಷಕ್ಕೆ ಹತ್ತೂವರೆ ಲಕ್ಷ ರೂಪಾಯಿ. ಎರಡು ಎಕರೆಯವನಿಗೆ 42,000. ತುಂಡು ನೆಲವಿಲ್ಲದ ಕೂಲಿಯವಳಿಗೆ ಸೊನ್ನೆ. ಅವಳು ಹಿಂದೆ ಕಡಲೆಕಾಯಿ ಕೀಳಲು, ಕಳೆ ತೆಗೆಯಲು ಹೋಗುತ್ತಿದ್ದ ಹೊಲದ ಸುತ್ತ ಈಗ ಬೇಲಿಯಿದೆ. ಕುರಿ ಮೇಯಿಸುವವನಿಗೆ ಹಾದಿ ಮುಚ್ಚಿದೆ. ಹಲಗೆ ಹೂಡುವ ಕಾಲದಲ್ಲಿ ಕೆಲಸ ಸಿಕ್ಕಿತು. ಹೂಡಿ ಮುಗಿದ ಮೇಲೆ ದೂಳು ತೊಳೆಯುವುದು, ಹುಲ್ಲು ಕೀಳುವುದು, ಗೇಟು ಕಾಯುವುದು ಇಷ್ಟೇ ಉಳಿದವು. ಅದೂ ಗುತ್ತಿಗೆಯ ಮೇಲೆ, ಕೆಲವರಿಗೆ. ಉಳಿದವರು ಬೆಂಗಳೂರಿನ ಬಸ್ಸು ಹತ್ತಿದರು.

ಇಲ್ಲಿ ಕಾನೂನನ್ನು ಯಾರೂ ಮುರಿದಿಲ್ಲ. ಗೇಣಿಯ ಪತ್ರದಲ್ಲಿ ಭೂಮಿಯ ಒಡೆಯನ ಹೆಸರಿಗೆ ಅಂಕಣವಿದೆ, ದುಡಿಯುವ ಕೈಗೆ ಅಂಕಣವಿಲ್ಲ, ಅಷ್ಟೇ. ಬಿಸಿಲು ಯಾರ ಪಹಣಿಯಲ್ಲೂ ಬರೆದ ಆಸ್ತಿಯಲ್ಲ. ಅದು ಕೂಲಿಯವಳ ಬೆನ್ನ ಮೇಲೂ ಒಡೆಯನ ಹೊಲದ ಮೇಲೂ ಒಂದೇ ಸಮ ಬೀಳುತ್ತದೆ. ಅದರಿಂದ ಬರುವ ಹಣ ಮಾತ್ರ ಒಡೆತನವಿದ್ದಲ್ಲಿಗೇ ಹರಿಯುವಂತೆ ಮಾಡಿದ್ದಾರೆ. ಇದನ್ನು ನಾವು ಈಗಲೇ ತಿದ್ದದೆ ಹೋದರೆ, ಕಲ್ಲಿದ್ದಲಿನ ಕಾಲ ಮುಗಿದು ಬಿಸಿಲಿನ ಕಾಲ ಬಂದಾಗ ಒಡೆಯರ ಹೆಸರು ಬದಲಾಗುತ್ತದೆ, ನಮ್ಮ ಗತಿ ಬದಲಾಗುವುದಿಲ್ಲ.

ರಾತ್ರಿಯ ಪ್ರಶ್ನೆ

ಬುದ್ಧಿವಂತರಾದ ಅಕ್ಕಿ ಗಿರಣಿಯ ಮಿತ್ರರೊಬ್ಬರು ಕಳೆದ ಸಭೆಯಲ್ಲಿ ಕೇಳಿದ್ದರು: "ರಾತ್ರಿ ಪಾಳಿಯಲ್ಲಿ ಸೂರ್ಯನನ್ನು ಎಲ್ಲಿಂದ ತರುತ್ತೀರಿ?" ಹಗಲಿನ ಶಕ್ತಿಯನ್ನು ರಾತ್ರಿಗೆ ಕೂಡಿಡಬೇಕು ಎಂಬುದೇ ಉತ್ತರ. ಅದಕ್ಕೆ ಎರಡು ದಾರಿಗಳಿವೆ. ಒಂದು ಬ್ಯಾಟರಿ. ಇನ್ನೊಂದು, ಹಗಲು ಮಿಕ್ಕ ಕರೆಂಟಿನಿಂದ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಎತ್ತಿ, ರಾತ್ರಿ ಅದನ್ನು ಬಿಟ್ಟು ಯಂತ್ರ ತಿರುಗಿಸುವುದು.

ಇಂಥದೊಂದು ಯೋಜನೆಯನ್ನು ಶರಾವತಿ ಕಣಿವೆಯಲ್ಲಿಯೇ, ತಲಕಳಲೆಗೂ ಗೇರುಸೊಪ್ಪೆಗೂ ನಡುವೆ, 2,000 ಮೆಗಾವಾಟಿನಷ್ಟು ಮಾಡಬೇಕೆಂದು ಹೊರಟಿದ್ದಾರೆ. ಅದು ಸಿಂಗಳೀಕಗಳು ಬಾಳುವ ದಟ್ಟ ಕಾಡು. 2025ರಲ್ಲಿ ಅಲ್ಲಿನ ಜನರು ದೊಡ್ಡ ವಿರೋಧವನ್ನೇ ಎಬ್ಬಿಸಿದರು. ನಾವೇನು ಹೇಳಬೇಕು? ಕೂಡಿಡುವುದು ಅವಶ್ಯ ಎಂಬುದನ್ನು ನಾವು ಬಿಟ್ಟುಕೊಡುವುದಿಲ್ಲ. ಆದರೆ ಒಂದು ಸಲ ಮುಳುಗಿಸಿದ ಕಣಿವೆಯನ್ನೇ ಮತ್ತೆ ಮೊದಲ ಆಯ್ಕೆ ಮಾಡಿಕೊಳ್ಳುವುದು ನ್ಯಾಯವಲ್ಲ. ಒಂದೇ ಮನೆಯವರನ್ನು ಎಷ್ಟು ಸಲ ದಾನ ಕೇಳುವುದು? ಕಾಡು ಕಡಿಯದ ಜಾಗ, ಬ್ಯಾಟರಿ, ಬೇಡಿಕೆಯನ್ನೇ ಹಗಲಿಗೆ ತರುವುದು ಇವನ್ನೆಲ್ಲ ಮೊದಲು ಪರೀಕ್ಷಿಸಬೇಕು. ರೈತರ ಪಂಪುಸೆಟ್ಟಿಗೆ ನಡುರಾತ್ರಿ ಕರೆಂಟು ಕೊಟ್ಟು ಹಾವು ಚೇಳಿನ ನಡುವೆ ನೀರು ಹಾಯಿಸಿರಿ ಎನ್ನುವ ಪದ್ಧತಿಯನ್ನು ಬಿಟ್ಟು, ಬಿಸಿಲಿನ ಕರೆಂಟನ್ನು ಹಗಲಲ್ಲೇ ಕೊಟ್ಟರೆ ರಾತ್ರಿಯ ಭಾರ ಬಹಳಷ್ಟು ಇಳಿಯುತ್ತದೆ. ಮಗ್ಗದ ರಾತ್ರಿ ಪಾಳಿಗೆ ಅಷ್ಟು ಕರೆಂಟು ಮಿಗುತ್ತದೆ. ರೈತನಿಗೂ ನಿಮಗೂ ಜಗಳ ಹಚ್ಚುವವರಿಗೆ ಈ ಲೆಕ್ಕವನ್ನು ತೋರಿಸಿರಿ.

ನಮ್ಮ ಊರಿನಲ್ಲಿ ಏನು ಮಾಡಬಹುದು?

ವಿಧಾನಸೌಧದ ಮಾತು ಸಾಕು, ನಮ್ಮ ಪೇಟೆಯ ಮಾತಿಗೆ ಬರೋಣ. ಕೇಂದ್ರ ಸರಕಾರವು 2024ರಲ್ಲಿ ಮನೆಯ ಮಾಡಿನ ಸೋಲಾರಿಗೆ ಯೋಜನೆ ತಂದಿತು. ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ. ಒಳ್ಳೆಯದೇ. ಆದರೆ ಅದು ವಾಸದ ಮನೆಗೆ, ಸ್ವಂತ ಮಾಡು ಇದ್ದವರಿಗೆ. ಬಾಡಿಗೆಯ ಕೋಣೆಯಲ್ಲಿರುವ ಮಗ್ಗದವನಿಗೆ ಮಾಡು ಎಲ್ಲಿದೆ? ಅಂಗಡಿಯ ಮೀಟರಿಗೆ ಆ ಸಹಾಯವಿಲ್ಲ. ಪಾವಗಡದಲ್ಲಿ ನೆಲವುಳ್ಳವನಿಗೆ, ಇಲ್ಲಿ ಮಾಡುಳ್ಳವನಿಗೆ. ಎರಡೂ ಇಲ್ಲದವರು ನಾವು.

ಆದರೆ ನಮಗೆಲ್ಲ ಸೇರಿದ ಮಾಡುಗಳು ಈ ಊರಿನಲ್ಲಿವೆ. ಮಾರುಕಟ್ಟೆ ಸಮಿತಿಯ ಗೋದಾಮುಗಳು, ಪುರಸಭೆಯ ಸಂತೆಕಟ್ಟೆ, ಬಸ್ ನಿಲ್ದಾಣ, ಸರಕಾರಿ ಶಾಲೆಗಳು. ಒಂದು ಕಿಲೋವಾಟ್ ಸೋಲಾರಿಗೆ ಹೆಚ್ಚೆಂದರೆ 100 ಚದರಡಿ ಜಾಗ ಸಾಕು. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವಾಟಿನಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. 10,000 ಚದರಡಿಯ ಒಂದು ಗೋದಾಮಿನ ಮಾಡಿನಿಂದ ದಿನಕ್ಕೆ 400 ಯೂನಿಟ್. ಏಳೂವರೆ ಯೂನಿಟಿನ ಮಗ್ಗಗಳು 50ಕ್ಕೂ ಹೆಚ್ಚು ಇದರಲ್ಲಿ ನಡೆಯುತ್ತವೆ. ಇಡೀ ಊರಿನ ಸಮಸ್ಯೆ ಇದರಿಂದ ತೀರುವುದಿಲ್ಲ. ಆದರೆ 50 ಮಗ್ಗಗಳ ಹಗಲು ಪಾಳಿಯ ಕರೆಂಟು ನಮ್ಮ ತಲೆಯ ಮೇಲೆಯೇ ಬಿದ್ದು ತಗಡನ್ನು ಬರಿದೇ ಕಾಯಿಸುತ್ತಿದೆ.

ಆ ಮಾಡುಗಳನ್ನು ಹೊರಗಿನ ಕಂಪೆನಿಯೊಂದು ಇಪ್ಪತ್ತೈದು ವರ್ಷಕ್ಕೆ ಬರೆಸಿಕೊಳ್ಳುವ ಮೊದಲು ನಾವು ಕಣ್ತೆರೆಯಬೇಕು. ಕಾರ್ಮಿಕರೂ ವ್ಯಾಪಾರಿಗಳೂ ಕೂಡಿ ಸಹಕಾರಿ ಸಂಘ ಕಟ್ಟಿ, ಷೇರು ಹಾಕಿ, ಸಹಕಾರಿ ಬ್ಯಾಂಕಿನ ಸಾಲ ಎತ್ತಿ, ಆ ಮಾಡುಗಳನ್ನು ನಮಗೇ ಕೊಡಿರಿ ಎಂದು ಕೇಳಬೇಕು. "ಕೂಲಿಯವರು ಕರೆಂಟು ನಡೆಸುತ್ತಾರೆಯೇ?" ಎಂದು ನಗುವವರಿಗೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಯನ್ನು ತೋರಿಸಿರಿ. 1969ರಲ್ಲಿ ಹುಟ್ಟಿದ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಇಂದಿಗೂ ಕರೆಂಟು ಹಂಚುತ್ತಿದೆ. ಗುಜರಾತಿನ ಢುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ಆರು ಮಂದಿ ರೈತರು ಸೋಲಾರ್ ಪಂಪುಗಳ ಸಹಕಾರಿ ಸಂಘ ಕಟ್ಟಿ, ನೀರಾವರಿಗೆ ಬೇಕಾದಷ್ಟು ಬಳಸಿ, ಮಿಕ್ಕ ಕರೆಂಟನ್ನು ಸರಬರಾಜು ಕಂಪೆನಿಗೇ ಮಾರಿದರು. ಆರು ಮಂದಿ! ನಾವು ಈ ಸಭೆಯಲ್ಲಿಯೇ ಮುನ್ನೂರು ಮಂದಿ ಇದ್ದೇವೆ.

ಸಹಕಾರಿ ಸಂಘಗಳಲ್ಲಿ ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಹಿಡಿತಕ್ಕೆ ಸಿಕ್ಕ ಸಂಘವು ನಾಲ್ಕು ಮನೆತನಗಳ ಪಾಲಾಗುವುದನ್ನು ನೋಡಿದ್ದೇವೆ. ಲೆಕ್ಕಪತ್ರವನ್ನು ಗೋಡೆಗೆ ಅಂಟಿಸುವ, ಸದಸ್ಯರು ಬಂದು ಕೇಳುವ ಸಂಘ ಮಾತ್ರ ಉಳಿಯುತ್ತದೆ. ಅದು ನಿಮ್ಮ ಕೈಯಲ್ಲಿದೆ.

ನಮ್ಮ ಬೇಡಿಕೆಗಳು

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ.

ಒಂದು: ಊರಿನ ಸಾರ್ವಜನಿಕ ಮಾಡುಗಳನ್ನು ಸೋಲಾರಿಗೆ ಕೊಡುವಾಗ ಊರಿನ ಸಹಕಾರಿ ಸಂಘಕ್ಕೆ ಮೊದಲ ಹಕ್ಕು ಸಿಗಬೇಕು. ಮನೆಗೆ ಕೊಡುವ ಸಹಾಯಧನವನ್ನು ಮಗ್ಗದ ಶೆಡ್ಡಿಗೂ ಸಣ್ಣ ಅಂಗಡಿಗೂ ಕೊಡಬೇಕು.

ಎರಡು: ಎಲ್ಲಿಯೇ ಸೋಲಾರ್, ಗಾಳಿ ಸ್ಥಾವರ ಬಂದರೂ ಗೇಣಿಯ ಹಣದ ಒಂದು ಪಾಲು ಆ ಹಳ್ಳಿಯ ಭೂಮಿಯಿಲ್ಲದ ಕುಟುಂಬಗಳಿಗೆ ಕಾನೂನಿನಂತೆ ಸಲ್ಲಬೇಕು. ಅಲ್ಲಿನ ಕಾಯಂ ಕೆಲಸವೂ ಅವರಿಗೇ ಸಲ್ಲಬೇಕು.

ಮೂರು: ಕರೆಂಟು ಕಡಿತಕ್ಕೆ ವೇಳಾಪಟ್ಟಿ ಮುಂಚಿತವಾಗಿ ತಿಳಿಸಬೇಕು. ಕಡಿತದ ಹೊತ್ತಿನಲ್ಲಿ ಮಗ್ಗ ನಿಂತರೆ ಕನಿಷ್ಠ ಅರ್ಧ ಕೂಲಿ ಕೊಡಬೇಕು. ಬೇಸಗೆಯ ನಡುಹಗಲಿನಲ್ಲಿ ತಗಡಿನ ಶೆಡ್ಡಿನೊಳಗೆ ವಿಶ್ರಾಂತಿಯ ಹೊತ್ತು, ಕುಡಿಯುವ ನೀರು ಕಡ್ಡಾಯವಾಗಬೇಕು.

ನಾಲ್ಕು: ಶರಾವತಿಯ ಸಂತ್ರಸ್ತರಿಗೆ ಹಕ್ಕುಪತ್ರ ಕೊಡದೆ ಆ ಕಣಿವೆಯಲ್ಲಿ ಹೊಸ ಯೋಜನೆಯ ಒಂದು ಗುದ್ದಲಿಯೂ ಬೀಳಬಾರದು.

ನಾಲ್ಕನೆಯದು ನಮ್ಮ ಊರಿನ ಬೇಡಿಕೆಯಲ್ಲವಲ್ಲ ಎಂದು ಕೆಲವರಿಗೆ ಅನಿಸಬಹುದು. ಹಾಗಲ್ಲ. ಅರುವತ್ತು ವರ್ಷ ನಮ್ಮ ಮಗ್ಗ ತಿರುಗಿದ್ದು ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರಿನಿಂದ. ನಾವು ಬಿಲ್ಲು ಕಟ್ಟಿದೆವು ನಿಜ. ಆ ಬಿಲ್ಲಿನಲ್ಲಿ ಅವರ ಹೆಸರಿನ ಬಾಬು ಎಂದೂ ಇರಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಸಂತೆಕಟ್ಟೆಯ ಬಳಿ ಕೂಡೋಣ. ಅಳತೆಯ ಟೇಪು ತರುವ ಕೆಲಸ ನಮ್ಮದು. ಮಾರುಕಟ್ಟೆಯ ಮಾಡುಗಳನ್ನು ಒಂದೊಂದಾಗಿ ಅಳೆದು, ಎಷ್ಟು ಚದರಡಿ, ಎಷ್ಟು ಯೂನಿಟ್ ಎಂದು ಪಟ್ಟಿ ಮಾಡಿ, ಪುರಸಭೆಯ ಮುಂದೆ ಇಡೋಣ. ಸಂಘದ ಷೇರಿನ ಪುಸ್ತಕವನ್ನೂ ಅಂದೇ ತೆರೆಯೋಣ. ಒಂದು ಷೇರು ನೂರು ರೂಪಾಯಿ. ಮೊದಲ ನೂರು ರೂಪಾಯಿಯನ್ನು, ನಮಗೆ ಮನವಿ ಯಾರಿಗೆ ಕೊಡುತ್ತೀರಿ ಎಂದು ಕೇಳಿದ ಆ ಹಿರಿಯರೇ ಕೊಡುವುದಾಗಿ ಸಭೆಗೆ ಬರುವ ದಾರಿಯಲ್ಲಿ ಹೇಳಿದ್ದಾರೆ. ಉಳಿದವರು ಬನ್ನಿರಿ.